ಮುತ್ತು ಕಟ್ಟುವ ಕೈ

ಚೀಕಲಪರ್ವಿ ಮಾನ್ವಿ ತಾಲೂಕಿನಲ್ಲಿ ತುಂಗಭದ್ರೆಯ ದಂಡೆಗಿರುವ ಊರು. ದಾಸಸಾಹಿತ್ಯ ಬಲ್ಲವರಿಗೆ ಇದು ವಿಜಯದಾಸರ ಹುಟ್ಟೂರು. ಇಲ್ಲಿ ಹೊಳೆದಂಡೆಯಲ್ಲಿ ಕುಳಿತು ಮಾತಾಡುತ್ತಿರುವವರು ಇಬ್ಬರು. ಒಬ್ಬರು ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಹೆಣ್ಣುಮಗಳು, ಊರಿನವರಿಗೆಲ್ಲ ಅಕ್ಕೋರು. ಇನ್ನೊಬ್ಬ ಅವರ ಹಳೆಯ ವಿದ್ಯಾರ್ಥಿ, ದೇವದುರ್ಗದ ಕಡೆಯವನು. ಬೆಂಗಳೂರಿನಲ್ಲಿ ಸಹಾಯಕ ನಿರ್ದೇಶಕನಾಗಿ ದುಡಿದು, ಈಗ ತನ್ನದೇ ಒಂದು ಚಿತ್ರಕಥೆ ಬರೆದು ತಂದಿದ್ದಾನೆ. ಅಕ್ಕೋರು ಅದನ್ನು ಓದಿ ಮುಗಿಸಿದ್ದಾರೆ.

ಹುಡುಗ: ಹೆಂಗ ಅನಿಸ್ತ್ರಿ ಅಕ್ಕೋರ? ಖರೆ ಹೇಳ್ರಿ.

ಅಕ್ಕೋರು: ಮಾತು ಚಂದ ಬರದೀ. ನಮ್ಮ ಕಡೆ ಮಂದಿ ಮಾತಾಡಿದಂಗ ಅದ. ಆದ್ರ ಮೊದಲನೇ ದೃಶ್ಯಾನೇ ನನಗ ಒಪ್ಪಿಗಿ ಆಗಲಿಲ್ಲ. ಹುಡುಗಿಗೆ ಮುತ್ತು ಕಟ್ಟಿ ದೇವದಾಸಿ ಮಾಡೋ ರಾತ್ರಿ. ಆಕಿ ಮುಖ, ಆಕಿ ಅಳು, ಆಕಿ ನಡಗೋ ಕೈ ಅಂತ ಒಂದೂವರೆ ಪುಟ ಬರದೀ. ಕಟ್ಟಿದವರ ಬಗ್ಗೆ ಒಂದೇ ಸಾಲು: ‘ಹಿನ್ನೆಲೆಯಲ್ಲಿ ಜನ.’

ಹುಡುಗ: ಆಕಿ ಸಂಕಟ ತೋರಸಬೇಕಲ್ರಿ. ನೋಡಿದವರ ಹೊಟ್ಟ್ಯಾಗ ಕಿಚ್ಚು ಬೀಳಬೇಕು. ಆ ಮುಖ ತೋರಸದ ಅದು ಹೆಂಗ ಆಗತದ?

ಅಕ್ಕೋರು: ಮುಖ ತೋರಸಬ್ಯಾಡ ಅನ್ನಲಿಲ್ಲ ನಾ. ಬರೇ ಆಕಿನ್ನ ಯಾಕ ತೋರಸತಿ ಅಂತ ಕೇಳಿದೆ. ಮುತ್ತು ಕಟ್ಟೋ ಕೈ ಯಾರದು? ಆ ಕಾರ್ಯಕ್ಕ ಖರ್ಚು ಕೊಟ್ಟವರು ಯಾರು? ಊರಾಗ ಹೊಲ ಇದ್ದ ಮನಶ್ಯಾ ಅವತ್ತು ರಾತ್ರಿ ಎಲ್ಲಿ ಕುಂತಿದ್ದ? 1982ರ ದೇವದಾಸಿ ನಿಷೇಧ ಕಾಯ್ದೆ ಇದನ್ನೇ ಕೇಳ್ತು. ಕಾರ್ಯ ಮಾಡಿದವರಿಗೆ ಶಿಕ್ಷೆ, ಮಾಡಿಸಿದವರಿಗೆ ಶಿಕ್ಷೆ, ಒತ್ತಾಸೆ ಕೊಟ್ಟವರಿಗೆ ಶಿಕ್ಷೆ, ಹೆತ್ತವರೇ ಮಾಡಿದ್ರ ಇನ್ನೂ ಜಾಸ್ತಿ. ಕಾಯ್ದೆಯ ಕಣ್ಣು ಆ ಕಡೆ ಹೊಳ್ಳಿ ನಲವತ್ತು ವರ್ಷದ ಮ್ಯಾಲಾತು. ನಮ್ಮ ಸಿನಿಮಾದ ಕಣ್ಣು ಇನ್ನೂ ಹುಡುಗಿ ಮ್ಯಾಲೇ ಅದ.

ಹುಡುಗ: ಹಂಗಾರ ‘ಗೆಜ್ಜೆಪೂಜೆ’ನೂ ತಪ್ಪೇನ್ರಿ? ನಾ ಅದನ್ನ ನೋಡೇ ಸಿನಿಮಾಕ್ಕ ಬಂದಾಂವ.

ಅಕ್ಕೋರು: ತಪ್ಪು ಅಂತ ಹೆಂಗ ಅನ್ನಲಿ. 1969ರಾಗ ಪುಟ್ಟಣ್ಣ ಕಣಗಾಲರು ಅಂಥ ಕಥಿ ಹಿಡದದ್ದೇ ಧೈರ್ಯದ ಕೆಲಸ. ಎಂ.ಕೆ. ಇಂದಿರಾ ಅವರ ಕಾದಂಬರಿ, ಕಲ್ಪನಾ ಅವರ ಅಭಿನಯ. ಆ ಚಂದ್ರಾನ್ನ ನೋಡಿ ಅಳದವರಿಲ್ಲ. ಆದ್ರ ಒಂದು ವಿಚಾರ ಮಾಡು. ಆಕಿ ಒಳ್ಳ್ಯಾಕಿ, ಮಾನವಂತಿ, ಮದುವಿಗೆ ಯೋಗ್ಯಳು ಅಂತ ನಮ್ಮನ್ನ ಒಪ್ಪಿಸಲಿಕ್ಕೆ ಸಿನಿಮಾ ಕೊನೀತನಕ ದುಡೀತದ. ಒಪ್ಪಿಸಿ ಆದ ಮ್ಯಾಲ ಆಕಿ ಪ್ರಾಣ ಬಿಡತಾಳ. ಸತ್ತಾಕಿ ಸಲುವಾಗಿ ಅತ್ತು ಮನಿಗೆ ಹೋಗೋದು ಸುಲಭ. ಆಕಿ ಬದುಕಿ, ಮರುದಿನ ಮುಂಜಾನೆ ನಮ್ಮ ಬಾಜೂಕ ರೇಶನ್ ಅಂಗಡಿ ಸಾಲಿನ್ಯಾಗ ನಿಂತ್ರ ಏನು ಮಾಡೋದು ಅನ್ನೋದು ಬಿರಿ. ನಿಮ್ಮ ದೇವದುರ್ಗದಾಗ, ನಮ್ಮ ಮಾನ್ವ್ಯಾಗ, ಲಿಂಗಸೂಗೂರ ಕಡೆ ಆಕಿ ಬದುಕ್ಯಾಳ. ವಯಸ್ಸಾಗ್ಯದ. ಪಿಂಚಣಿ ಸಲುವಾಗಿ ತಾಲೂಕು ಕಚೇರಿಗೆ ಅಡ್ಡಾಡತಾಳ. ಶಾಲಿ ಅರ್ಜ್ಯಾಗ ತಂದಿ ಹೆಸರಿನ ಜಾಗಕ್ಕ ಬಂದಾಗ ಪೆನ್ನು ಎತ್ತಿ ಹಿಡದು ನಿಂತ ಮಕ್ಕಳನ್ನ ನಾನೇ ನೋಡೀನಿ. ಆ ಹೆಸರು ಬರೀರಿ ಅಂತ ಒತ್ತಾಯ ಮಾಡಬಾರದು ಅನ್ನೋ ಹೊಸ ಮಸೂದೆ ವಿಧಾನಮಂಡಲದಾಗ ಪಾಸಾಗಬೇಕಾದ್ರ 2025 ಬರಬೇಕಾತು.

ಹುಡುಗ: ನನ್ನ ಕಥ್ಯಾಗ ಆಕಿ ಸಾಯಂಗಿಲ್ರಿ.

ಅಕ್ಕೋರು: ಸಾಯಂಗಿಲ್ಲ, ಅದು ಛಲೋ ಆತು. ಆದ್ರ ಅರ್ಧದ ಮ್ಯಾಲ ಕಾಣೆ ಆಗತಾಳ. ಆಕಿನ್ನ ಮನಸ್ಸಿನ್ಯಾಗ ಇಟಗೊಂಡು ಪ್ಯಾಟಿಗೆ ಹೋಗೋ ಹುಡುಗಂದೇ ಕಥಿ ಆಗತದ. ಆಕಿ ನೋವು ಅವನಿಗೆ ಬುದ್ಧಿ ಕಲಸತದ.

ಹುಡುಗ: ‘ಸಂಸ್ಕಾರ’ದಾಗೂ ಹಂಗೇ ಅಲ್ಲೇನ್ರಿ? ಚಂದ್ರಿ ಹೋಗಿಬಿಡತಾಳ, ಪ್ರಾಣೇಶಾಚಾರ್ಯರು ಉಳೀತಾರ. ಅದನ್ನ ನೀವೇ ನಮಗ ಪಾಠ ಮಾಡಿದ್ರಿ, ಅಷ್ಟು ಪ್ರೀತಿಯಿಂದ.

ಅಕ್ಕೋರು: ಪ್ರೀತಿ ಇನ್ನೂ ಅದ. ಪ್ರೀತಿ ಇದ್ದದ್ದಕ್ಕ ಕೇಳತೀನಿ. 1965ರ ಕಾದಂಬರಿ ಅದು. 1970ರಾಗ ಪಟ್ಟಾಭಿರಾಮ ರೆಡ್ಡಿಯವರು ಸಿನಿಮಾ ಮಾಡಿದ್ರು, ಸ್ನೇಹಲತಾ ರೆಡ್ಡಿ ಚಂದ್ರಿ ಆಗಿದ್ರು. ಕಥಿ ನೆನಪು ಮಾಡಿಕೊ. ನಾರಣಪ್ಪನ ಹೆಣ ಅಗ್ರಹಾರದಾಗ ಬಿದ್ದದ. ಯಾರು ದಹನ ಮಾಡಬೇಕು ಅಂತ ಬ್ರಾಹ್ಮಣರೆಲ್ಲ ಕೂಡಿ ವಾದ ಮಾಡತಾರ. ಆಚಾರ್ಯರು ಗ್ರಂಥ ಹುಡುಕತಾರ, ಮಾರುತಿಯನ್ನ ಕೇಳತಾರ. ನಾರಣಪ್ಪನ ಜೋಡಿ ಬಾಳಿದ ಚಂದ್ರಿ ಏನು ಮಾಡತಾಳ? ಮೈಮ್ಯಾಲಿನ ಬಂಗಾರ ಬಿಚ್ಚಿ ಇಡತಾಳ, ಖರ್ಚಿಗೆ ಆಗಲಿ ಅಂತ. ಆ ಬಂಗಾರ ಕಂಡ ಮ್ಯಾಲ ಅಲ್ಲಿ ಕುಂತವರ ವಾದದ ದಿಕ್ಕೇ ಬದಲಾಗತದ. ಕಡೀಕ ರಾತ್ರಿ ಮೀನಿನ ವ್ಯಾಪಾರದ ಅಹ್ಮದ್ ಬ್ಯಾರಿಯ ನೆರವು ತಗೊಂಡು ಹೆಣ ಸುಡಿಸಿ, ಕುಂದಾಪುರದ ಹಾದಿ ಹಿಡೀತಾಳ. ಇಡೀ ಅಗ್ರಹಾರದ ಕೈಲೆ ಆಗಲಾರದ್ದನ್ನ ಮಾಡಿದಾಕಿ ಆಕಿ ಒಬ್ಬಾಕಿ.

ಹುಡುಗ: ಅದು ಕಾದಂಬರ್ಯಾಗ ಅದಲ್ರಿ. ಅನಂತಮೂರ್ತಿಯವರೇ ಬರದಾರ.

ಅಕ್ಕೋರು: ಬರದಾರ, ಕೆಲವೇ ಸಾಲಿನ್ಯಾಗ. ಆಕಿಗೆ ಸಿಕ್ಕ ಉಳಿದ ಪುಟ ಎಲ್ಲ ಆಕಿ ಮೈದು. ಆಕಿ ಚೆಲುವು, ಕಾಡಿನ ಕತ್ತಲಿ, ಆಚಾರ್ಯರ ಹಸಿವು. ಆಕಿ ಮೈ ಆಚಾರ್ಯರಿಗೆ ಪ್ರಶ್ನೆ ಆತು, ನಮ್ಮ ವಿಮರ್ಶಕರಿಗೆ ಪ್ರಶ್ನೆ ಆತು, ಪರೀಕ್ಷಾದಾಗ ಹತ್ತು ಅಂಕದ ಪ್ರಶ್ನೆ ಆತು. ಆಕಿ ಕೈ ಮಾಡಿದ ಕೆಲಸ ಯಾರಿಗೂ ಪ್ರಶ್ನೆ ಆಗಲಿಲ್ಲ. ಭಾಗೀರಥಿನ್ನೂ ನೋಡು. ಹಾಸಿಗಿ ಹಿಡದ ಹೆಂಡತಿ. ಆಕಿ ಸೇವಾ ಮಾಡಿ ಪಕ್ವ ಆಗಬೇಕು ಅಂತ ಆಚಾರ್ಯರು ಬೇಕಂತಲೇ ಆಕಿನ್ನ ಮದುವಿ ಆಗ್ಯಾರ. ಒಬ್ಬಾಕಿ ರೋಗದ ಮೈ ತಪಸ್ಸು ಕಟ್ಟಲಿಕ್ಕೆ, ಇನ್ನೊಬ್ಬಾಕಿ ಚೆಲುವಿನ ಮೈ ತಪಸ್ಸು ಮುರೀಲಿಕ್ಕೆ. ಅವರಿಬ್ಬರಿಗೂ ಏನು ಬೇಕಿತ್ತು ಅಂತ ಯಾರೂ ಕೇಳಲಿಲ್ಲ.

ಹುಡುಗ: ಆದ್ರ ಅದು ಆಚಾರ್ಯರ ಕಥಿ. ಲೇಖಕ ಯಾರ ಕಥಿ ಹೇಳಬೇಕು ಅಂತ ನಾವು ಹೆಂಗ ಹೇಳೋದ್ರಿ?

ಅಕ್ಕೋರು: ಲೇಖಕರಿಗೆ ನಾ ಹೇಳಂಗಿಲ್ಲ. ಅವರು ಅಗ್ರಹಾರದ ಪೊಳ್ಳು ಬಯಲು ಮಾಡಿದ್ರು, ಅದಕ್ಕ ಬೈಸಿಕೊಂಡ್ರು, ಸಿನಿಮಾಕ್ಕ ಸೆನ್ಸಾರಿನವರು ತಡಿ ಹಾಕಿದ್ರು. ಅದು ದೊಡ್ಡದು. ನಾ ಹೇಳೋದು ನಿನಗ. ನೀ ಐವತ್ತು ವರ್ಷ ಆದ ಮ್ಯಾಲ ಬರೀಲಿಕತ್ತೀ. ಗಂಡಸಿಗೆ ಜ್ಞಾನ ಬರಲಿಕ್ಕೆ ಹೆಣ್ಣಿನ ಮೈ ಒಂದು ಮೆಟ್ಟಲು ಅನ್ನೋ ರೂಢಿ ನೀನೂ ಯಾಕ ಹೊತ್ತುಕೊಂಡು ತಿರಗತಿ?

ಹುಡುಗ: ಈ ರೂಢಿ ದಾಸರ ಪದದಾಗೂ ಇಲ್ಲೇನ್ರಿ? ಹೆಣ್ಣು, ಹೊನ್ನು, ಮಣ್ಣು ಅಂತ ಒಂದೇ ಸಾಲಿನ್ಯಾಗ ಇಡತಾರ.

ಅಕ್ಕೋರು: ಅದ. ಹೆಣ್ಣನ್ನ ಬಲೆ ಅಂತ ನೋಡೋ ಮಾತೂ ಅದ, ತಾವೇ ಗೋಪಿ ಆಗಿ ವಿರಹ ಹಾಡಿದ್ದೂ ಅದ. ಎರಡೂ ಗಂಡಸರದೇ. ಆದ್ರ ಇದೇ ಊರಿನ ದಾಸರ ಬಗ್ಗೆ ಮಂದಿ ಹೇಳೋ ಒಂದು ಕಥಿ ಅದ, ಅದನ್ನ ನೀ ಕೇಳಬೇಕು. ಮಂದಿ ಮಾತಿಗೆ ಅಂಜಿ, ಕೂಸಿನ್ನ ಕಟಿಗೊಂಡು ಸಾಯಲಿಕ್ಕೆ ಹೊಂಟ ಒಬ್ಬ ಹೆಣ್ಮಗಳನ್ನ ವಿಜಯದಾಸರು ತಡದು ಮನಿಗೆ ಕರಕೊಂಡು ಬಂದ್ರು ಅಂತ. ಅವರ ಹೆಂಡತಿ ಅರಳಮ್ಮ ಆ ಕೂಸಿನ್ನ ತಮ್ಮ ಮಗನಂಗ ಸಾಕಿದ್ರು. ಅವರೇ ಮುಂದ ಮೋಹನದಾಸರು ಅಂತ ಹೆಸರಾದ್ರು. ಹದಿನೆಂಟನೇ ಶತಮಾನದ ಮಾತು ಇದು. ಈ ಕಥಿಯನ್ನ ‘ಘಟಶ್ರಾದ್ಧ’ದ ಬಾಜೂಕ ಇಟ್ಟು ನೋಡು. 1977ರಾಗ ಗಿರೀಶ ಕಾಸರವಳ್ಳಿಯವರು ತಗದ ಸಿನಿಮಾ. ವಿಧವಿ ಯಮುನಾ ಬಸುರಿ ಆಗ್ಯಾಳ, ಅಪ್ಪನೇ ಜೀವಂತ ಮಗಳ ಶ್ರಾದ್ಧ ಮಾಡತಾನ. ಒಂದು ಕಡೆ ಮನಿ ಬಾಗಲಾ ತೆರೀತದ, ಇನ್ನೊಂದು ಕಡೆ ಮುಚ್ಚತದ.

ಹುಡುಗ: ‘ಘಟಶ್ರಾದ್ಧ’ದಾಗ ಕಣ್ಣು ಹುಡುಗಂದೇ ಅಲ್ರಿ, ನಾಣೀದು. ಅದು ನಿಮಗ ಒಪ್ಪಿಗಿ ಆಗತದೇನು?

ಅಕ್ಕೋರು: ಆಗತದ, ಅದಕ್ಕ ಕಾರಣ ಅದ. ನಾಣಿಗೆ ತಿಳಿಯೋದು ಕಡಿಮಿ. ಅವನಿಗೆ ಯಮುನಕ್ಕ ಅಂದ್ರ ಪ್ರೀತಿ ಮಾಡೋ ಅಕ್ಕ. ಅವನ ಎತ್ತರದಾಗ ನಿಂತು ನೋಡಿದ್ರ ಆಕಿ ಮೈ ತಪ್ಪು ಮಾಡಿದ ಮೈ ಅಂತ ಕಾಣಂಗಿಲ್ಲ. ಸುತ್ತ ನಿಂತ ದೊಡ್ಡವರು ಏನು ಮಾಡತಾರ ಅನ್ನೋದು ಕಾಣತದ. ನಾ ಹೇಳೋದು ಇದನ್ನ. ಗಂಡಸು ನೋಡಬಾರದು ಅಂತಲ್ಲ. ಎಲ್ಲಿ ನಿಂತು, ಯಾರನ್ನ ನೋಡತಾನ ಅಂತ. ಇನ್ನ ದಾಸರ ಕಥ್ಯಾಗ ಒಂದು ಕೊರತಿ ಉಳದದ. ಕೂಸಿನ ಹೆಸರು ನಮಗ ಗೊತ್ತು, ಸಾಕಿದಾಕಿ ಹೆಸರು ಗೊತ್ತು. ಸಾಯಲಿಕ್ಕೆ ಹೊಂಟಾಕಿ ಹೆಸರು ನಾ ಕೇಳಿದ ಕಥ್ಯಾಗ ಬರಂಗಿಲ್ಲ. ಆಮ್ಯಾಲ ಆಕಿ ಏನು ಉಂಡಳು, ಏನು ದುಡದಳು, ಈ ಮಂದಿ ನಡುವ ಹೆಂಗ ತಲಿ ಎತ್ತಿದಳು? ಅದನ್ನ ಬರದ್ರ ಒಂದು ಕಾದಂಬರಿ ಆಗತದ.

ಹುಡುಗ: ಹೆಣ್ಮಕ್ಕಳು ಬರದಾಗ ಇದು ಬದಲಾತೇನ್ರಿ?

ಅಕ್ಕೋರು: ಅಕ್ಕಮಹಾದೇವಿಯಿಂದಲೇ ಬದಲಾತು. ಹರಿಹರ ರಗಳೆ ಬರದ, ಚಾಮರಸ ಬರದ, ಆಕಿ ರೂಪ ಎಷ್ಟು ಚಂದ ಅಂತ ಬರದ್ರು. ಶೂನ್ಯಸಂಪಾದನೆಯಾಗ ಆ ಸಭಾ ನೆನಪು ಮಾಡಿಕೊ. ಬಟ್ಟಿ ಬಿಟ್ಟಾಕಿ ಕೂದಲದಲೆ ಯಾಕ ಮೈ ಮುಚ್ಚಿಕೊಂಡಿ ಅಂತ ಅಲ್ಲಮ ಕೇಳತಾರ. ಗಂಡಸರೇ ತುಂಬಿದ ಸಭಾದಾಗ ಒಬ್ಬ ಹೆಣ್ಮಗಳ ಮೈ ಬಗ್ಗೆ ವಿಚಾರಣೆ ಅದು. ಆಕಿ ಕೊಡೋ ಉತ್ತರದ ತಿರುಳು ಏನು? ನನ್ನ ಸಲುವಾಗಿ ಅಲ್ಲ, ನೋಡೋ ನಿಮಗ ನೋವಾಗಬಾರದು ಅಂತ. ಮೈ ಮ್ಯಾಲಿನ ಭಾರ ಎತ್ತಿ ಕಣ್ಣಿನ ಮ್ಯಾಲ ಇಟ್ಟಳು. ಎಂಟುನೂರು ವರ್ಷ ಆದ ಮ್ಯಾಲೂ ನಮ್ಮ ಕ್ಯಾಲೆಂಡರಿನವರು ಆಕಿ ಕೂದಲಾ ಎಷ್ಟು ಉದ್ದ ಬರೀಬೇಕು ಅನ್ನೋದರಾಗೇ ಉಳದಾರ.

ಹುಡುಗ: ಈಗಿನವರ ಬಗ್ಗೆ ಹೇಳ್ರಿ.

ಅಕ್ಕೋರು: ತ್ರಿವೇಣಿಯವರು ಬಾಣಂತಿ ಮನಸ್ಸು ಕೆಟ್ಟಾಗ ಏನಾಗತದ ಅಂತ ‘ಶರಪಂಜರ’ ಬರದ್ರು, ಅದಕ್ಕಿಂತ ಮೊದಲು ಆ ಮೈ ನಮ್ಮ ಸಾಹಿತ್ಯದಾಗ ಇರಲೇ ಇಲ್ಲ ಅನ್ನಬಹುದು. ‘ಫಣಿಯಮ್ಮ’ನ್ನ ಎಂ.ಕೆ. ಇಂದಿರಾ 1976ರಾಗ ಬರದ್ರು, 1983ರಾಗ ಪ್ರೇಮಾ ಕಾರಂತರು ಸಿನಿಮಾ ಮಾಡಿದ್ರು. ಸಣ್ಣಾಕಿ ಇದ್ದಾಗಲೇ ತಲಿ ಬೋಳಿಸಿಕೊಂಡಾಕಿ, ಜೀವನಪೂರ್ತಿ ಮಡಿ ಹಿಡದಾಕಿ, ಬಸುರಿಯ ಪ್ರಾಣ ಹೋಗತದ ಅಂದಾಗ ಮಡಿ ಬಿಟ್ಟು ಕೆಳಜಾತಿ ಮನಿಗೆ ಹೋಗಿ ಹೆರಿಗಿಗೆ ಕೈ ಹಚ್ಚತಾಳ. ಮುಂದ ಮನ್ಯಾಗಿನ ಸಣ್ಣ ವಯಸ್ಸಿನ ವಿಧವಿ ದಾಕ್ಷಾಯಿಣಿ ತಲಿ ಕೊಡಂಗಿಲ್ಲ ಅಂದಾಗ ಆಕಿ ಬೆನ್ನಿಗೆ ನಿಲ್ಲತಾಳ. ಬಾನು ಮುಷ್ತಾಕರ ‘ಕರಿ ನಾಗರಗಳು’ ಕಥಿ ಓದೀಯಿಲ್ಲ?

ಹುಡುಗ: ‘ಹಸೀನಾ’ ನೋಡೀನ್ರಿ. ಕಾಸರವಳ್ಳಿಯವರದು, ತಾರಾ ಮಾಡ್ಯಾರ.

ಅಕ್ಕೋರು: ಕಥಿನೂ ಓದು. ಹೆಣ್ಣೇ ಹಡದಳು ಅಂತ ಗಂಡ ಬಿಟ್ಟುಹೋದಾಕಿ ಮಸೂತಿ ಬಾಗಲಾಕ ಬಂದು ನ್ಯಾಯ ಕೇಳತಾಳ, ಮುತವಲ್ಲಿ ಕೊಡಂಗಿಲ್ಲ. ಕಡೀಕ ಆ ಮುತವಲ್ಲಿಯ ಹೆಂಡತಿನೇ, ಇನ್ನ ಮಕ್ಕಳು ಸಾಕು ಅಂತ ತಾನೇ ತೀರ್ಮಾನ ಮಾಡಿ ಆಪರೇಶನ್ನಿಗೆ ಹೊಂಡತಾಳ. ದೊಡ್ಡ ಭಾಷಣ ಇಲ್ಲ, ಘೋಷಣೆ ಇಲ್ಲ. 2025ರಾಗ ಅವರಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ಎಲ್ಲರೂ ಸಂತೋಷಪಟ್ಟರು, ನಾನೂ ಪಟ್ಟೆ. ಆದ್ರ ನಮ್ಮ ಮನ್ಯಾಗ, ನಮ್ಮ ಓಣ್ಯಾಗ ಆಪರೇಶನ್ ಯಾವಾಗ ಮಾಡಿಸಬೇಕು ಅಂತ ಇವತ್ತಿಗೂ ಯಾರು ಹೇಳತಾರ? ಅತ್ತಿ, ಗಂಡ. ಅಧಿಕಾರ ಅಂದ್ರ ವಿಧಾನಸೌಧದಾಗ ಅಷ್ಟೇ ಅದ ಅಂತ ತಿಳೀಬ್ಯಾಡ. ಬಯಕಿ ಬಗ್ಗೆನೂ ಹಿಂಗೇ. ರಾಯಚೂರಿನ ಎಚ್.ಎಸ್. ಮುಕ್ತಾಯಕ್ಕ ಗಜಲ್ ಬರದ್ರು. ಅವರ ತಂದಿ ಶಾಂತರಸರು ಉರ್ದುವಿನಿಂದ ಗಜಲನ್ನ ಕನ್ನಡಕ್ಕ ತಂದವರು. ಗಂಡಸು ಹೆಣ್ಣಿನ ಚೆಲುವು ಹಾಡೋ ಆ ಹಾಡಿನೊಳಗ ಮಗಳು ಬಂದು, ಬೇಕು ಅನ್ನೋದನ್ನ ಹೆಣ್ಣೇ ಹೇಳಿದಳು. ಇದೇ ಬಿಸಲಿನ ನಾಡಿನ್ಯಾಗ.

ಹುಡುಗ: ಇವೆಲ್ಲ ಓದೋ ಮಂದಿಗೆ ಆತ್ರಿ. ಜಾತ್ರ್ಯಾಗ ಕಂಪನಿ ನಾಟಕ ನೋಡೋರು, ಟಿವ್ಯಾಗ ಪಿಚ್ಚರ್ ನೋಡೋರು? ಅವರಿಗೆ ‘ಸಂಪತ್ತಿಗೆ ಸವಾಲ್’ ಬೇಕು.

ಅಕ್ಕೋರು: ಅದನ್ನ ಹಗುರ ಮಾಡಬ್ಯಾಡ. ನಮ್ಮ ಉತ್ತರ ಕರ್ನಾಟಕದ ಧುತ್ತರಗಿಯವರ ನಾಟಕ ಅದು, 1974ರಾಗ ಸಿನಿಮಾ ಆತು. ರಾಜಕುಮಾರ, ಮಂಜುಳಾ. ಸಾವಕಾರನ ದರ್ಪಕ್ಕ ಬಡವ ಎದುರು ನಿಲ್ಲೋ ಕಥಿ ಅಂತ ಮಂದಿ ಮೆಚ್ಚಿದ್ರು, ಅದು ಖರೇನೂ ಹೌದು. ಆದ್ರ ಆ ದರ್ಪ ಇಳೀಬೇಕಾದ್ರ ಸಾವಕಾರನ ಮಗಳ ಸೊಕ್ಕು ಇಳೀಬೇಕು ಅಂತ ಆತು. ಅಪ್ಪನ ಆಸ್ತಿ ಮ್ಯಾಲಿನ ಸಿಟ್ಟು ಮಗಳ ಮ್ಯಾಲ ತೀರತದ. ಆಮ್ಯಾಲ ಎಷ್ಟು ಸಿನಿಮಾ ಇದನ್ನೇ ಮಾಡಿದವು! ಓದಿದಾಕಿ, ಜೋರು ಮಾತಾಡಾಕಿ, ಕಡೀಕ ಸೆರಗು ಹೊದ್ದು ತಲಿ ಬಾಗಸತಾಳ, ಥೇಟರಿನ್ಯಾಗ ಸೀಟಿ. ಆ ಸೀಟಿ ಕೇಳಿ ಬೆಳದ ಹುಡುಗ ನಾಳೆ ಕಾಲೇಜಿನ್ಯಾಗ ಉತ್ತರ ಕೊಡೋ ಹುಡುಗಿಗೆ ಏನು ಮಾಡತಾನ ಅಂತ ನಾ ಕ್ಲಾಸಿನ್ಯಾಗ ದಿನಾ ಕಂಡೀನಿ.

ಹುಡುಗ: ರಂಗದ ಮ್ಯಾಲ ಬ್ಯಾರೆ ತರಹದವರೂ ಇದ್ರಲ್ರಿ.

ಅಕ್ಕೋರು: ಇದ್ರು. ಆರ್. ನಾಗರತ್ನಮ್ಮ 1958ರಾಗ ಬರೇ ಹೆಣ್ಮಕ್ಕಳದೇ ನಾಟಕ ಮಂಡಳಿ ಕಟ್ಟಿ, ತಾವೇ ಕಂಸ ಆದ್ರು, ರಾವಣ ಆದ್ರು. ಹೆಣ್ಣಿನ ಕೊರಳಿನಿಂದ ಕಂಸನ ಗರ್ಜನೆ ಕೇಳಿದವರಿಗೆ ಒಂದು ಮಾತು ತಿಳದಿರಬೇಕು: ಗಂಡಸುತನ ಅನ್ನೋದನ್ನೂ ಕಲತು ಆಡಬಹುದು. ಮತ್ತ ನಮ್ಮ ಮಗ್ಗುಲಿನ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ. ಗಂಡಾಗಿ ಹುಟ್ಟ್ಯಾರ ಅಂತ ಮಂದಿ ಅಂದ್ರು, ಅಲ್ಲ ನಾ ಹೆಣ್ಣು ಅಂದ್ರು ಅವರು. ಮನಿ ಬಿಟ್ಟು, ಭಿಕ್ಷೆ ಬೇಡಿ, ಕಾಳವ್ವ ಜೋಗತಿಯವರ ಕಡಿಂದ ಕುಣಿತ ಕಲತು, ಎಲ್ಲಮ್ಮನ ನಾಟಕದಾಗ ಪಾತ್ರ ಮಾಡಿ, ಜಾನಪದ ಅಕಾಡೆಮಿ ಅಧ್ಯಕ್ಷರಾದ್ರು. 2021ರಾಗ ಪದ್ಮಶ್ರೀ ತಗೊಳ್ಳೋ ಮುಂದ ರಾಷ್ಟ್ರಪತಿಗೆ ಸೆರಗಿನಲೆ ದೃಷ್ಟಿ ತಗದ್ರಲ್ಲ, ಅದನ್ನ ಎಷ್ಟು ಸಲ ನೋಡೀನೋ. ಓಣ್ಯಾಗ ಅಂಥವರನ್ನ ಕಂಡ್ರ ಬಾಗಲಾ ಹಾಕೊಳ್ಳೋ ಮಂದಿ ನಾವು. ಅವರ ಸೆರಗು ಆ ಸಭಾದಾಗ ದೇಶದ ದೊಡ್ಡ ಮನಶ್ಯಾಗೆ ಆಶೀರ್ವಾದ ಕೊಡ್ತು. ನಿನ್ನ ಕಥ್ಯಾಗಿನ ಜೋಗಪ್ಪ ಮಾತ್ರ ಎರಡು ಸಲ ಬರತಾನ, ಎರಡೂ ಸಲ ಮಂದಿನ್ನ ನಗಸಲಿಕ್ಕೆ. ಅದನ್ನ ಕಿತ್ತು ಹಾಕು, ಇಲ್ಲಂದ್ರ ಆ ಪಾತ್ರಕ್ಕ ಒಂದು ಖರೇ ಕೆಲಸ ಕೊಡು.

ಹುಡುಗ: ಕಿತ್ತು ಹಾಕತೀನ್ರಿ. ಹತ್ತಿ ಹೊಲದ ಹಾಡಿನ ಬಗ್ಗೆ ನೀವು ಇನ್ನೂ ಏನೂ ಅನ್ನಲಿಲ್ಲ.

ಅಕ್ಕೋರು: ನೀ ದೇವದುರ್ಗದಾಂವ, ಹತ್ತಿ ಬಿಡಿಸೋರನ್ನ ನೋಡೇ ಬೆಳದೀ. ಹೇಳು, ಹೆಂಗ ಇರತಾರ?

ಹುಡುಗ: ಸೀರಿ ಮ್ಯಾಲ ಗಂಡನ ಹಳೀ ಅಂಗಿ. ತುಂಬು ತೋಳಿಂದು, ಮುಂಗೈ ಗೀರಬಾರದು ಅಂತ. ತಲಿಗೆ ಟವೆಲ್. ನಡಕ್ಕ ಉಡಿ ಕಟಿಗೊಂಡಿರತಾರ. ಒಣಗಿದ ಕಾಯಿ ತುದಿ ಮುಳ್ಳಿನಂಗ ಚೂಪು ಇರತದ, ಬೆರಳಿನ ತುದಿಯೆಲ್ಲ ಸಿಗದಿರತದ. ಕಿಲೋ ಲೆಕ್ಕದಾಗ ಕೂಲಿ, ಅದಕ್ಕ ಎರಡೂ ಕೈಲೆ ಬಿಡಸತಾರ, ಮಾತಾಡಿಕೋತನೇ. ಉಡಿ ತುಂಬಿದ ಮ್ಯಾಲ ಬಸುರಿಯಂಗ ಕಾಣತಾರ. ನಮ್ಮವ್ವ ಸಂಜಿಮುಂದ ಬಂದು ನಡಾ ನೆಟ್ಟಗ ಮಾಡಲಿಕ್ಕೆ ಗ್ವಾಡಿಗೆ ಆನಿಕೊಂಡು ನಿಲ್ಲತಿದ್ಲು.

ಅಕ್ಕೋರು: ಇಷ್ಟು ಗೊತ್ತಿದ್ದೂ ನೀ ಬರದದ್ದು ಏನು? ತೆಳು ಸೀರಿ, ಗಾಳಿಗೆ ಹಾರೋ ಸೆರಗು, ಹತ್ತಿ ಎರಚಾಡೋ ಹುಡುಗೇರು. ಒಂದೊಂದು ತೊಳಿ ತೂಕಕ್ಕ ಬೀಳೋ ಹತ್ತಿಯನ್ನ ಕೂಲಿಯಾಕಿ ಗಾಳಿಗೆ ಎರಚತಾಳೇನು? ನಿಮ್ಮ ಅವ್ವ ಎರಚ್ಯಾಳೇನು?

ಹುಡುಗ: ನಿರ್ಮಾಪಕರು ಕೇಳತಾರ್ರಿ. ಒಂದು ಹಾಡರ ಬೇಕು ಅಂತಾರ.

ಅಕ್ಕೋರು: ಹಾಡು ಇರಲಿ. ಹತ್ತಿ ಹೊಲದಾಗ ಹೆಣ್ಮಕ್ಕಳು ಹಾಡತಾರ, ನಗತಾರ, ಕೆಟ್ಟ ಮಾತೂ ಆಡತಾರ. ಗಂಡಸರ ಬಗ್ಗೆ ಅವರು ಆಡೋ ಮಾತು ನೀ ಕೇಳಿದ್ರ ನಿನ್ನ ನಿರ್ಮಾಪಕರ ಕಿವಿ ಕೆಂಪಾಗತಾವ. ಹಾಡಿನ್ಯಾಗ ಆ ಅಂಗಿ ಇರಲಿ, ಆ ಉಡಿ ಇರಲಿ, ಆ ಬೆರಳು ಇರಲಿ. ದುಡಿಯೋ ಮೈ ಚಂದ ಕಾಣಂಗಿಲ್ಲ ಅಂತ ನಿನಗ ಹೇಳಿದವರು ಯಾರು? ‘ಶಿವಮ್ಮ’ ನೋಡೀ?

ಹುಡುಗ: ಯರೇಹಂಚಿನಾಳದ್ದು. ನೋಡೀನ್ರಿ. ಕೊಪ್ಪಳದ ಕಡೆ ಮಾತು ಪರದೆ ಮ್ಯಾಲ ಕೇಳಿ ಮೈ ಝುಂ ಅಂತು.

ಅಕ್ಕೋರು: ನನಗ ಆ ಸಿನಿಮಾ ಭಾಳ ಹಿಡಸ್ತು. ಜೈಶಂಕರ್ ಆರ್ಯರ್ ಅವರು ಆ ಊರಿಗೇ ಹೋಗಿ, ಊರ ಮಂದಿನ್ನೇ ಹಾಕಿಕೊಂಡು ಮಾಡ್ಯಾರ. 2022ರಾಗ ಬುಸಾನ್ ಚಿತ್ರೋತ್ಸವದಾಗ ಬಹುಮಾನ ಬಂತು. ಕೊಪ್ಪಳ ನಮ್ಮ ರಾಯಚೂರು ಜಿಲ್ಲಾದಾಗೇ ಇತ್ತಲ್ಲ ಮೊದಲು, ಅದಕ್ಕ ನನಗ ನಮ್ಮೂರಿನ ಸಿನಿಮಾ ಅಂತಲೇ ಅನಿಸ್ತು. ಶಿವಮ್ಮ ಶಾಲ್ಯಾಗ ಬಿಸಿಯೂಟ ಮಾಡಾಕಿ. ಗಂಡ ಹಾಸಿಗಿ ಹಿಡದಾನ. ಮನಿ ನಡಸಬೇಕು, ಮಗಳ ಮದುವಿ ಮಾಡಬೇಕು. ಶಕ್ತಿ ಬರತದ ಅಂತ ಹೇಳೋ ಒಂದು ಪುಡಿ ಮಾರಲಿಕ್ಕೆ ಹೊಂಡತಾಳ, ಕೂಡಿಟ್ಟ ರೊಕ್ಕ ಹಾಕತಾಳ, ಊರ ಮಂದಿ ಹಿಂದ ಬೀಳತಾಳ. ಶರಣಮ್ಮ ಚೆಟ್ಟಿ ಆ ಪಾತ್ರ ಮಾಡ್ಯಾರ. ಆಕಿ ನಡಿಯೋದನ್ನ ನೋಡಿದೆಲ್ಲ? ಕ್ಯಾಮರಾ ಆಕಿ ಹಿಂದ ಓಡಬೇಕಾಗತದ. ನಮ್ಮ ಎಷ್ಟು ಸಿನಿಮಾದಾಗ ಹೆಣ್ಣು ನಿಂತು ತೋರಸಿಕೋತಾಳ, ಕ್ಯಾಮರಾ ಆಕಿ ಸುತ್ತ ತಿರಗತದ. ಇಲ್ಲಿ ಆಕಿಗೆ ಕೆಲಸ ಅದ, ಕ್ಯಾಮರಾ ಬೇಕಾದ್ರ ಬರಲಿ.

ಹುಡುಗ: ಆದ್ರ ಆಕಿ ತಪ್ಪೂ ಮಾಡತಾಳಲ್ರಿ. ಮಂದಿಗೆ ಸುಳ್ಳು ಹೇಳತಾಳ, ಹಟ ಮಾಡತಾಳ. ನನ್ನ ನಾಯಕಿ ಹಂಗ ಮಾಡಿದ್ರ ನೋಡೋರಿಗೆ ಆಕಿ ಮ್ಯಾಲ ಕನಿಕರ ಹುಟ್ಟಂಗಿಲ್ಲ.

ಅಕ್ಕೋರು: ಹುಟ್ಟಬ್ಯಾಡ. ಕನಿಕರಕ್ಕ ಯೋಗ್ಯ ಆಗಬೇಕು ಅಂದ್ರ ಹೆಣ್ಣು ತಪ್ಪೇ ಮಾಡಬಾರದು ಅನ್ನೋ ಕಟ್ಟಳಿ ಯಾರದು? ದುರಾಸಿ ಮಾಡೋ ಗಂಡಸು ನಮ್ಮ ಸಿನಿಮಾದಾಗ ನಾಯಕ ಆಗತಾನ, ಬಂಗಾರದ ಗಣಿ ಗೆಲ್ಲತಾನ. ಶಿವಮ್ಮನ ಆಸಿ ಎಷ್ಟು ಸಣ್ಣದು, ಒಂದು ಮನಿ ತುಂಬೋವಷ್ಟು. ಆದ್ರೂ ಆಕಿನ್ನ ದೇವತಿ ಮಾಡಲಿಲ್ಲ, ಬಲಿ ಮಾಡಲಿಲ್ಲ. ಬೇಕು ಅಂತ ಹೊಂಟ ಒಬ್ಬ ನಡುವಯಸ್ಸಿನ ಹೆಣ್ಮಗಳು ಅಷ್ಟೇ. ನಿನ್ನ ಕಥ್ಯಾಗಿನ ಆಕಿಗೆ ಏನು ಬೇಕು? ಇಡೀ ಚಿತ್ರಕಥ್ಯಾಗ ಹುಡುಕಿದೆ, ಸಿಗಲಿಲ್ಲ. ಆಕಿಗೆ ಏನು ಆತು ಅನ್ನೋದು ಅಷ್ಟೇ ಅದ.

ಹುಡುಗ: ನಾ ಆಕಿನ್ನ ಕೇಳಿಲ್ರಿ.

ಅಕ್ಕೋರು: ಯಾರನ್ನ?

ಹುಡುಗ: ಈ ಕಥಿ ಯಾರದೋ ಅವರನ್ನ. ನಮ್ಮೂರಾಗ ಅದಾರ, ಅರವತ್ತರ ಮ್ಯಾಲ ಆಗ್ಯದ. ಅವರ ಬಗ್ಗೆ ಮಂದಿ ಹೇಳಿದ್ದು ಕೇಳಿ ಬರದೀನಿ. ಅವರ ಮುಂದ ಹೋಗಿ ಕುಂದರಲಿಕ್ಕೆ ನಾಚಿಕಿ ಆತು. ಏನಂತ ಕೇಳಲಿ?

ಅಕ್ಕೋರು: ಅವತ್ತು ರಾತ್ರಿ ಏನಾತು ಅಂತ ಕೇಳಬ್ಯಾಡ. ಅದನ್ನ ಎಲ್ಲರೂ ಕೇಳ್ಯಾರ, ಸಮೀಕ್ಷೆಗೆ ಬಂದವರು ಕೇಳ್ಯಾರ, ಪೇಪರಿನವರು ಕೇಳ್ಯಾರ. ಈ ವರ್ಷ ಎಲ್ಲಿ ಕೂಲಿಗೆ ಹೋಗಿದ್ರಿ ಅಂತ ಕೇಳು. ಮೊಣಕಾಲು ಯಾವಾಗಿಂದ ನೋಯ್ತದ ಅಂತ ಕೇಳು. ಮಗಳು ಎಲ್ಲಿ ಅದಾಳ, ಮೊಮ್ಮಕ್ಕಳು ಏನು ಓದತಾರ, ಯಾವ ಪಿಚ್ಚರ್ ಸೇರತದ ಅಂತ ಕೇಳು. ಬರದದ್ದನ್ನ ಪೂರ್ತಿ ಓದಿ ಹೇಳು. ಇದು ಬ್ಯಾಡ ಅಂದದ್ದನ್ನ ಹೊಡದು ಹಾಕು.

ಹುಡುಗ: ಅವರು ಇಡೀ ಕಥಿನೇ ಬ್ಯಾಡ ಅಂದ್ರ?

ಅಕ್ಕೋರು: ಬ್ಯಾಡ ಅಂದ್ರ ಬ್ಯಾಡ. ಅವರ ಮೈ ಬಗ್ಗೆ ಒಂದು ಸಲನೂ ಅವರನ್ನ ಕೇಳದ ಊರು ಅದು. ನೀನರ ಕೇಳು. ಒಪ್ಪಿದ್ರ ಅವರ ಹೆಸರು, ಊರಿನ ಹೆಸರು ಬದಲ ಮಾಡು, ಬರೋ ರೊಕ್ಕದಾಗ ಅವರ ಪಾಲು ಎಷ್ಟು ಅಂತ ಮೊದಲೇ ಕಾಗದದ ಮ್ಯಾಲ ಬರದು ಕೊಡು. ಕಥಿ ಕೊಟ್ಟಾಕಿಗೆ ಸೀರಿ ಉಡಿಸಿ ಫೋಟೋ ತಗಸಿಕೊಂಡು ಬರೋದನ್ನ ಭಾಳ ಮಂದಿ ಮಾಡ್ಯಾರ.

ಹುಡುಗ: ಮತ್ತ ಮೊದಲನೇ ದೃಶ್ಯ?

ಅಕ್ಕೋರು: ಅದು ನೀನೇ ಹೇಳು. ಯಾರ ಮ್ಯಾಲ ಇಡತಿ ಕಣ್ಣು?

ಹುಡುಗ: ಕಟ್ಟೋರ ಮ್ಯಾಲ. ಮುತ್ತು ಕೊಂಡು ತರೋದರಿಂದ ಸುರು ಮಾಡತೀನಿ. ಅಂಗಡ್ಯಾಗ ಯಾರು ರೊಕ್ಕ ಎಣಿಸಿದ್ರು, ಯಾರು ದಿನ ನೋಡಿದ್ರು, ಊಟದ ಅಡಿಗಿ ಎಷ್ಟು ಮಂದಿಗೆ, ಗೌಡರ ಮನಿಗೆ ಹೇಳಿಕಳಿಸಿದವರು ಯಾರು. ಹುಡುಗಿ ದನಿ ಹೊರಗಿಂದ ಕೇಳಲಿ. ಆಟ ಆಡೋ ದನಿ. ಆಕಿ ಮುಖ ತೋರಸೋದು ಆಕಿಗೆ ವಯಸ್ಸಾದ ಮ್ಯಾಲನೇ, ಹತ್ತಿ ಹೊಲದಾಗ. ಆದ್ರ ಒಂದು ತೊಂದರಿ ಅದ್ರಿ.

ಅಕ್ಕೋರು: ಏನು?

ಹುಡುಗ: ಪಾತ್ರಕ್ಕ ಮಂದಿ ಬೇಕು ಅಂತ ಊರಾಗ ಹೇಳಿದ್ದೆ. ಹುಡುಗಿ ಪಾತ್ರ ಯಾರು ಮಾಡತಾರ, ಚಂದ ಅದಾಳೇನು, ಎಷ್ಟು ಬೆಳ್ಳಗ ಅದಾಳ ಅಂತ ಎಲ್ಲರೂ ಕೇಳಿದ್ರು. ಗೌಡ ಯಾರು ಆಗತಾರ ಅಂತ ಒಬ್ಬರೂ ಕೇಳಲಿಲ್ಲ. ನಾನೇ ಇಬ್ಬರನ್ನ ಕೇಳಿದೆ. ಬ್ಯಾಡಪ್ಪ, ಮಂದಿ ಏನಂತಾರ ಅಂದ್ರು.

ಅಕ್ಕೋರು: ಹಂಗಿದ್ರ ಅವನನ್ನ ಹುಡುಕೋದರಿಂದಲೇ ಸುರು ಮಾಡು.

ಹುಡುಗ: ಸಿಗಲಿಲ್ಲ ಅಂದ್ರ?

ಅಕ್ಕೋರು: ಯಾರ್‍ಯಾರನ್ನ ಕೇಳಿದಿ, ಅವರು ಏನೇನು ಕಾರಣ ಕೊಟ್ರು, ಅದನ್ನೆಲ್ಲ ಬರದು ತಗೊಂಡು ಬಾ. ಅದೇ ಮೊದಲನೇ ದೃಶ್ಯ ಆಗಬಹುದು.